ಪೌರಾಡಳಿತ ಸಚಿವರಿಗೆ ಬಹಿರಂಗ ಪತ್ರ: ತೆರಿಗೆಗೆ ಮಿತಿ ಇದೆ, ಶುಲ್ಕಕ್ಕೆ ಯಾಕಿಲ್ಲ?

ಮಾನ್ಯ ಸಚಿವರೇ,

ನಮಸ್ಕಾರ. ನಗರಸಭೆ ವ್ಯಾಪ್ತಿಯ ಒಂದು ಸಣ್ಣ ಮನೆಗೆ ಕಂದಾಯ ಕಟ್ಟುವವನು ನಾನು. ಖಾತೆ ಅಮ್ಮನ ಹೆಸರಿನಲ್ಲಿದೆ, ಕಟ್ಟುವುದು ನಾನು. ಇಷ್ಟು ವರ್ಷ ಗೊಣಗುತ್ತಲೇ ಕಟ್ಟಿದೆ. ಈ ಸಲದ ಚಲನ್ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ 3ರಿಂದ ಶೇ 5ರಷ್ಟು ಏರಿಸಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ. ಸ್ಥಳೀಯ ಸಂಸ್ಥೆಗಳ ತೆರಿಗೆಗೆ ಮಿತಿ ಹಾಕುವ ಅಧಿಕಾರವನ್ನು ಸಂವಿಧಾನದ 243ಎಕ್ಸ್ ವಿಧಿ ರಾಜ್ಯಕ್ಕೇ ಕೊಟ್ಟಿದೆ. ನಮ್ಮ ನಗರಸಭೆ ಈ ನಿಯಮ ಮೀರಿಲ್ಲ. ಚಲನ್‌ನ ಮೊದಲ ಸಾಲಿನಲ್ಲಿ ತೆರಿಗೆ ಏರಿದ್ದು ಶೇ 5ರೊಳಗೇ. ನನ್ನ ತಕರಾರು ಆ ಸಾಲಿನ ಕೆಳಗಿರುವುದರ ಬಗ್ಗೆ. ತೆರಿಗೆ ಮೊತ್ತದ ಮೇಲೆ ಆರೋಗ್ಯ ಕರ (ಸೆಸ್) ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ ಏರಿದಷ್ಟೂ ಇವು ತಾವಾಗಿಯೇ ಏರುತ್ತವೆ. ಅದರ ಕೆಳಗೆ ಘನತ್ಯಾಜ್ಯ ಶುಲ್ಕ, ನೀರಿನ ದರ, ಒಳಚರಂಡಿ ಶುಲ್ಕ. ಇವುಗಳ ಏರಿಕೆಗೆ ನಮ್ಮಂಥವರಿಗೆ ಕಾಣುವ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಗಿದೆ.

ಒಳಚರಂಡಿ ಶುಲ್ಕದ ಮಾತನ್ನು ಬಿಡಿಸಿಯೇ ಹೇಳಬೇಕು. ನಮ್ಮ ಓಣಿಗೆ ಒಳಚರಂಡಿಯೇ ಇಲ್ಲ. ಪೈಪ್ ಹಾಕಿಲ್ಲ, ಮ್ಯಾನ್‌ಹೋಲ್ ಇಲ್ಲ. ಪ್ರತಿ ಮನೆಯ ಹಿಂದೆಯೂ ಗುಂಡಿ. ಮಳೆಗಾಲದಲ್ಲಿ ಅದು ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸಿ ಬೇರೆ ದುಡ್ಡು ಕೊಡುತ್ತೇವೆ. ಆದರೂ ಚಲನ್‌ನಲ್ಲಿ ಒಳಚರಂಡಿ ಶುಲ್ಕ, ಅದರ ಮೇಲೆ ಹಿಂದಿನ ಬಾಕಿ, ಬಾಕಿಯ ಮೇಲೆ ದಂಡ! ಕೇಳಲು ಹೋದರೆ ಕೌಂಟರ್‌ನಲ್ಲಿದ್ದವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, 'ನೋಡಿ ಸಾರ್, ಸಾಫ್ಟ್‌ವೇರ್‌ನಲ್ಲೇ ಬಂದಿದೆ, ತೆಗೆಯೋಕೆ ನಮಗೆ ಆಪ್ಷನ್ನೇ ಇಲ್ಲ' ಅಂದರು. ತೆರಿಗೆಯನ್ನಾದರೂ ಕಟ್ಟಿಸಿಕೊಳ್ಳಿ, ಏಪ್ರಿಲ್ ಮುಗಿದರೆ ಶೇ 5ರ ರಿಯಾಯಿತಿ ಹೋಗುತ್ತದೆ ಅಂದೆ. ಎಲ್ಲವನ್ನೂ ಒಟ್ಟಿಗೆ ಕಟ್ಟದೆ ರಸೀದಿ ಬರುವುದಿಲ್ಲವಂತೆ. ಅರ್ಜಿ ಕೊಟ್ಟೆ. ಸ್ಥಳ ಪರಿಶೀಲನೆಗೆ ಬರುತ್ತೇವೆ ಅಂದರು, ಯಾರೂ ಬರಲಿಲ್ಲ. ರಿಯಾಯಿತಿ ಹೋಯಿತು. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಶುರುವಾಯಿತು. ಕೊನೆಗೆ, ಇಲ್ಲದ ಚರಂಡಿಗೂ ಸೇರಿಸಿ ಪೂರ್ತಿ ಕಟ್ಟಿ ಬಂದೆ. ಅಮ್ಮನ ವಿಧವಾ ವೇತನದ ದುಡ್ಡೂ ಅದರಲ್ಲಿ ಸೇರಿತ್ತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ ಸ್ವಾಮಿ.

ನಗರಸಭೆಗೆ ದುಡ್ಡೇ ಬೇಡ ಅನ್ನುವವನಲ್ಲ ನಾನು. ಪೌರಕಾರ್ಮಿಕರಿಗೆ ಸಂಬಳ ಆಗಬೇಕು, ಬೀದಿ ದೀಪ ಉರಿಯಬೇಕು. ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಿ ವಸೂಲಿ ಹೆಚ್ಚಿಸದಿದ್ದರೆ ಕೇಂದ್ರದ ಅನುದಾನ ಬರುವುದಿಲ್ಲ ಎಂದು 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಷರತ್ತು ಹಾಕಿದ್ದೂ ಗೊತ್ತು. ಏರಿಸಿ. ಆದರೆ ಒಟ್ಟು ಚಲನ್‌ಗೆ ಮಿತಿ ಹಾಕಿ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು ಸಂವಿಧಾನದಲ್ಲೇ ಬರೆದಿದೆ. 1988ರ ತಿದ್ದುಪಡಿಯಲ್ಲಿ ನಿಗದಿಯಾದ ಮೊತ್ತ ಅದು. ಸಂಬಳದಾರರಿಗೆ ಸಿಕ್ಕಿರುವ ಆ ರಕ್ಷಣೆ ಗುಂಡಿ ತುಂಬುವ ಓಣಿಯ ಮನೆಗಳಿಗೆ ಯಾಕೆ ಸಿಗಬಾರದು?

ಇನ್ನೊಂದು ಮಾತು. ಚುನಾವಣೆ ನಡೆಯದೆ ಆಡಳಿತಾಧಿಕಾರಿ ಕೂತಿರುವ ಕಾಲದಲ್ಲಿ ಶುಲ್ಕ ಏರಿಸುವುದನ್ನಾದರೂ ನಿಲ್ಲಿಸಿ. ಸದಸ್ಯರಿದ್ದರೆ ಮನೆ ಬಾಗಿಲಿಗೆ ಹೋಗಿಯಾದರೂ ಜಗಳ ಆಡಬಹುದು. ಆಡಳಿತಾಧಿಕಾರಿಯ ಸಹಿಯ ಜೊತೆ ಯಾರು ಜಗಳ ಆಡುತ್ತಾರೆ?

ತೆರಿಗೆ, ಕರ, ಶುಲ್ಕ ಎಲ್ಲ ಸೇರಿ ಒಂದು ಮನೆಯ ಬೇಡಿಕೆ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರಬಾರದೆಂದು ಆದೇಶ ಮಾಡಿ. ಇಲ್ಲದ ಸೇವೆಯ ಶುಲ್ಕವನ್ನು ಚಲನ್‌ನಿಂದ ತೆಗೆಯುವ ಅಧಿಕಾರವನ್ನು ಆ ಕೌಂಟರ್‌ಗೆ ಕೊಡಿ. ಮುಂದಿನ ಏಪ್ರಿಲ್‌ನ ಚಲನ್ ಅಚ್ಚಾಗುವ ಮೊದಲೇ ಇದು ಆಗಬೇಕು. ಒಟ್ಟು ಚಲನ್‌ಗೆ ಮಿತಿ ಹಾಕಿ ಸಚಿವರೇ.

ಇಂತಿ,
ಕಂದಾಯ ಬಾಕಿ ಇಲ್ಲದ ಒಬ್ಬ ನಾಗರಿಕ