ಪ್ಲೂಟೊವನ್ನು ಚಿಕ್ಕದೆಂದು ಕೈಬಿಟ್ಟದ್ದಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆ ಸುತ್ತಮುತ್ತಲ ಕೆಲವು ಶಾಲೆಗಳ ಗೋಡೆ ಮೇಲೆ ಈಗಲೂ ಒಂಬತ್ತು ಗ್ರಹಗಳಿವೆ. ಬಣ್ಣ ಹೊಡೆಸಿ ಎಂಟಕ್ಕಿಳಿಸಿದ ಕಡೆ ಮಕ್ಕಳಿಗೆ ಹೇಳುವ ಕಾರಣ, 'ಪ್ಲೂಟೊ ತೀರಾ ಚಿಕ್ಕದು, ಅದಕ್ಕೇ ತೆಗೆದರು'. ಇದು ಸರಿಯಲ್ಲ.

2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹ ಎನಿಸಿಕೊಳ್ಳಲು ಇಟ್ಟ ಷರತ್ತು ಮೂರು: ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದಲೇ ದುಂಡಗಾಗಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು. ಇಷ್ಟು ಕಿ.ಮೀ. ಅಗಲವಿರಬೇಕೆಂಬ ಮಾತೇ ಇಲ್ಲ. ಗುರುವಿನ ಉಪಗ್ರಹ ಗ್ಯಾನಿಮೀಡ್ ಬುಧನಿಗಿಂತ ದೊಡ್ಡದು. ಆದರೂ ಬುಧ ಗ್ರಹ, ಅದು ಉಪಗ್ರಹ. ಪ್ಲೂಟೊ ಮೊದಲೆರಡರಲ್ಲಿ ಪಾಸು, ಮೂರನೆಯದರಲ್ಲಿ ನಪಾಸು. ಚಂದ್ರನನ್ನು ಬಿಟ್ಟು, ಭೂಮಿಯ ವಲಯದಲ್ಲಿ ಉಳಿದಿರುವ ಚೂರುಪಾರನ್ನೆಲ್ಲ ಒಟ್ಟು ತೂಗಿದರೂ ಭೂಮಿ ಅದರ ಸುಮಾರು 17 ಲಕ್ಷ ಪಟ್ಟು. ಪ್ಲೂಟೊ ತನ್ನ ವಲಯದ ಉಳಿದವುಗಳ ಹತ್ತನೇ ಒಂದು ಪಾಲೂ ತೂಗುವುದಿಲ್ಲ. 'ತೆರವು' ಎಂದರೆ ಒಂದು ಕಲ್ಲೂ ಇರಬಾರದು ಎಂದಲ್ಲ. ಗುರುವಿನ ಹಾದಿಯಲ್ಲೇ ಸಾವಿರಾರು ಟ್ರೋಜನ್ ಕ್ಷುದ್ರಗ್ರಹಗಳಿವೆ, ಗುರುವಿನ ಹಿಡಿತದಲ್ಲಿ. ಈ ಪದವೇ ಸಡಿಲ ಎನ್ನುವ ವಿಜ್ಞಾನಿಗಳ ತಕರಾರಿನಲ್ಲಿ ಹುರುಳಿದೆ.

ಹೀಗಾದದ್ದು ಮೊದಲ ಸಲವೂ ಅಲ್ಲ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಟ್ಸಿ ಕಂಡ, ಮಂಗಳ–ಗುರುಗಳ ನಡುವಿನ ಸಿರಿಸ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಗ್ರಹಗಳ ಪಟ್ಟಿಯಲ್ಲಿತ್ತು. 1845ರಿಂದೀಚೆಗೆ ಅದೇ ಪಟ್ಟೆಯಲ್ಲಿ ಒಂದರ ಹಿಂದೊಂದು ಕಾಯ ಸಿಕ್ಕು ಅದು ಕ್ಷುದ್ರಗ್ರಹವಾಯಿತು. 1930ರಲ್ಲಿ ಸಿಕ್ಕ ಪ್ಲೂಟೊಗೂ ಅದೇ ಗತಿ: 1992ರಿಂದ ನೆಪ್ಚೂನಿನಾಚೆ ಅದರ ನೆಂಟರು ಸಿಗುತ್ತ ಹೋದರು, 2005ರಲ್ಲಿ ಪ್ರಕಟವಾದ ಏರಿಸ್ ಅದಕ್ಕಿಂತ ಭಾರ. (ನವಗ್ರಹದ ಲೆಕ್ಕ ಬೇರೆಯೇ. ಅಲ್ಲಿ ರವಿ, ಸೋಮರೂ ಗ್ರಹ, ಭೂಮಿ ಇಲ್ಲ. ಎರಡು ಒಂಬತ್ತಕ್ಕೆ ತಾಳೆ ಹಾಕಬಾರದು.)

ಗೋಡೆ ಬರೆಸುವವರು ಪ್ಲೂಟೊವನ್ನು ಅಳಿಸದೆ, ಸಿರಿಸ್, ಏರಿಸ್ ಜೊತೆ 'ಕುಬ್ಜ ಗ್ರಹ' (ಮೊದಲೆರಡು ಷರತ್ತಲ್ಲಿ ಪಾಸಾಗಿ ಮೂರನೆಯದರಲ್ಲಿ ನಪಾಸಾದದ್ದು) ಎಂದು ಬೇರೆ ಬಣ್ಣದಲ್ಲಿ ಬರೆಸಲಿ. 1,000 ಕಿ.ಮೀ.ಗೆ 1 ಸೆಂ.ಮೀ. ಹಿಡಿದರೆ ಭೂಮಿ 12.7 ಸೆಂ.ಮೀ., ಗುರು 1.4 ಮೀಟರ್, ಪ್ಲೂಟೊ ಐದು ರೂಪಾಯಿ ನಾಣ್ಯ, ಸಿರಿಸ್ ಒಂದು ಕಡಲೆಕಾಳು. ಸೂರ್ಯ ಮಾತ್ರ 14 ಮೀಟರ್ ಆಗುವುದರಿಂದ ಅಂಚಿನಲ್ಲಿ ಒಂದು ಕಮಾನು ಎಳೆದರೆ ಸಾಕು. ದೂರಕ್ಕೆ ಈ ಅಳತೆ ನಡೆಯದು: ಸೂರ್ಯ ದಾವಣಗೆರೆಯಲ್ಲಿದ್ದರೆ ಆ ನಾಣ್ಯ 59 ಕಿ.ಮೀ. ಆಚೆ, ಹೆಚ್ಚುಕಡಿಮೆ ಚಿತ್ರದುರ್ಗದ ಕೋಟೆ ಹತ್ತಿರ. ಹಾಗಾಗಿ ಮೂಲೆಯಲ್ಲಿ 'ದೂರ ಅಳತೆಗೆ ತಕ್ಕಂತಿಲ್ಲ' ಎಂದು ಬರೆಸಲೇಬೇಕು. ಇಲ್ಲದಿದ್ದರೆ ಗ್ರಹಗಳು ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಒತ್ತಾಗಿವೆ ಎಂದೇ ಮಕ್ಕಳು ತಿಳಿಯುತ್ತಾರೆ.

— ಕೆಲವು ವಿಜ್ಞಾನ ಶಿಕ್ಷಕರು, ದಾವಣಗೆರೆ