ಗುಜರಿಗೆ ಹಾಕುವ ಮೊದಲು ಲೇಬಲ್ ಓದಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಮಂಗಳೂರಿನಲ್ಲಿ ಕರಕುಶಲ ವಸ್ತುಗಳ ಮಾರಾಟ ನೋಡಲು ಹೋಗಿದ್ದೆ. ಅಲ್ಲೊಂದು ಗೋಡೆ ಗಡಿಯಾರ. ಗ್ರಾಮಫೋನ್ ಪ್ಲೇಟನ್ನು ನವಿಲಿನ ಆಕಾರಕ್ಕೆ ಕತ್ತರಿಸಿ ನಡುವೆ ಮುಳ್ಳು ಕೂರಿಸಿದ್ದರು. ಹತ್ತಿರ ಹೋಗಿ ಲೇಬಲ್ ಓದಿದೆ. ಬಿಸ್ಮಿಲ್ಲಾ ಖಾನರ ಶಹನಾಯಿ. ಮಾರುವ ಹುಡುಗನನ್ನು ಕೇಳಿದರೆ, "ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗ್ತದೆ ಸರ್, ಹಾಳಾದ ಪ್ಲೇಟು" ಅಂದ. ಅದು ಹಾಳಾಗಿರಲಿಲ್ಲ. ಉಳಿದ ಭಾಗದಲ್ಲಿ ಒಂದು ಗೀರೂ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಆ ಪ್ಲೇಟು ಗುಜರಿಗೆ ಬಂದದ್ದು ನಮ್ಮ ನಿಮ್ಮಂಥವರ ಮನೆಯಿಂದಲೇ ಅಲ್ವಾ?

ನಾನು ಇಪ್ಪತ್ತು ವರ್ಷಗಳಿಂದ ಹಳೆಯ ಪ್ಲೇಟು ಹುಡುಕುತ್ತಿದ್ದೇನೆ. ಮಂಗಳೂರಿನ ಬಂದರು, ಉಡುಪಿ, ಕಾರ್ಕಳ, ಎಲ್ಲ ಕಡೆಯ ಗುಜರಿಯವರಿಗೂ ನನ್ನ ಪರಿಚಯ ಇದೆ. ಕಥೆ ಎಲ್ಲ ಕಡೆ ಒಂದೇ. ಹಂಚಿನ ಮನೆ ಒಡೆಯುತ್ತಾರೆ. ಮರದ ಕಂಬ, ಬಾಗಿಲಿಗೆ ಒಳ್ಳೆ ರೇಟು ಸಿಗುತ್ತದೆ, ತಾಮ್ರದ ಹಂಡೆಯನ್ನು ಯಾರಾದರೂ ನೆಂಟರು ಕೇಳಿ ಒಯ್ಯುತ್ತಾರೆ, ಅಟ್ಟದಲ್ಲಿದ್ದ ಪ್ಲೇಟಿನ ಕಟ್ಟು ಮಾತ್ರ ಹಳೆ ಪೇಪರಿನ ಜೊತೆ ತಕ್ಕಡಿಗೆ ಹೋಗುತ್ತದೆ. ಅಜ್ಜ ಸಂಬಳದಲ್ಲಿ ಉಳಿಸಿ ಒಂದೊಂದಾಗಿ ಕೊಂಡು ತಂದದ್ದು.

"ಈಗ ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ, ಸುಮ್ನೆ ಯಾಕೆ ಈ ಕಸ" ಅಂತ ತುಂಬ ಜನ ಕೇಳುತ್ತಾರೆ. ಎಲ್ಲ ಸಿಗುವುದಿಲ್ಲ. ಅಲ್ಲಿರುವ ಹಳೆಯ ಹಾಡುಗಳಲ್ಲಿ ಎಷ್ಟೋ, ಯಾರೋ ಒಬ್ಬರು ತಮ್ಮ ಮನೆಯ ಪ್ಲೇಟು ಒರೆಸಿ, ನುಡಿಸಿ, ಹಾಕಿದ್ದರಿಂದ ಅಲ್ಲಿವೆ. ಆ ಪ್ಲೇಟು ಗುಜರಿಗೆ ಹೋಗಿದ್ದರೆ ಅದೂ ಇರುತ್ತಿರಲಿಲ್ಲ.

ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. ನಮಗೆಲ್ಲ ಗೊತ್ತಿರುವುದು ಅವರ ದಪ್ಪ, ಗಂಭೀರ ಕಂಠ. ಆದರೆ 1930ರ ದಶಕದಲ್ಲಿ ಎಚ್‌ಎಂವಿ ಎಂಬ ಪ್ಲೇಟು ಕಂಪನಿಯವರು ಅವರ ಹಾಡುಗಳನ್ನು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರತಂದಿದ್ದರು. ಅದರಲ್ಲಿ ಕೇಳುವುದು ತೆಳ್ಳಗಿನ, ಮೇಲಿನ ಸ್ವರಗಳಿಗೆ ಹಕ್ಕಿಯ ಹಾಗೆ ಏರುವ ಹುಡುಗಿಯ ದನಿ. ಆಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆಗಿ ಕಂಠ ಬದಲಾಯಿತು. ಆ ಮೊದಲಿನ ದನಿ ಉಳಿದಿರುವುದು ಆ ಅರಗಿನ ಪ್ಲೇಟುಗಳಿಂದ. ಮೊದಲ ಸಲ ಕೇಳಿದಾಗ ನನಗೆ ನಂಬಲು ಆಗಲಿಲ್ಲ, ಮೂರು ಸಲ ಲೇಬಲ್ ನೋಡಿದೆ.

ಗದಗದಲ್ಲಿ ಬೆಳೆದ ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರಲ್ಲ, ಅದಕ್ಕೆ ಕಾರಣ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು. ಜಿಂಝೋಟಿ ರಾಗದ ಠುಮ್ರಿ. ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ಪ್ಲೇಟಿನ ಒಂದು ಬದಿಗೆ ಸಾಮಾನ್ಯವಾಗಿ ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲಿ ರಾಗದ ರೂಪ ತೋರಿಸಿ, ತಾನವನ್ನೂ ಹಾಕಿ ಮುಗಿಸಬೇಕಿತ್ತು.

ನಮ್ಮ ದೇಶದಲ್ಲಿ ಹೀಗೆ ಪ್ಲೇಟಿಗಾಗಿ ಹಾಡು ಮುದ್ರಿಸುವುದು ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತದಲ್ಲಿ. ಆಗ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಹಾಡಿದವರು ಯಾರು ಅಂತ ಅಲ್ಲಿನವರಿಗೆ ಗೊತ್ತಾಗಬೇಕಲ್ಲ. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ಅಲ್ಲೇ ತೀರಿಕೊಂಡರು.

ಈಗ ಮನೆಯಲ್ಲಿ ಪ್ಲೇಟು ಇರುವವರಿಗೆ ನಾಲ್ಕು ಮಾತು. ದಪ್ಪ, ಭಾರದ, ಬಿದ್ದರೆ ಒಡೆಯುವ ಪ್ಲೇಟು ಅರಗಿನದ್ದು, ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ತೆಳ್ಳಗೆ, ಸ್ವಲ್ಪ ಬಾಗುವುದು ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಪ್ಲೇಟು, ವಿನೈಲ್ ಎಂಬ ಪ್ಲಾಸ್ಟಿಕ್ಕಿನದ್ದು. ಅರಗಿನ ಪ್ಲೇಟನ್ನು ದಯವಿಟ್ಟು ಸ್ಪಿರಿಟ್ ಹಾಕಿ ಒರೆಸಬೇಡಿ. ಸ್ಪಿರಿಟ್‌ಗೆ ಅರಗು ಕರಗುತ್ತದೆ. ನನ್ನ ಪರಿಚಯದ ಒಬ್ಬರು ಇದು ಗೊತ್ತಿಲ್ಲದೆ ಒಂದೇ ಮಧ್ಯಾಹ್ನ ಹನ್ನೆರಡು ಪ್ಲೇಟು ಕಳೆದುಕೊಂಡರು. ಹಾಗೆಯೇ ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಬೇಡಿ, ಅದರ ಭಾರದ ಉಕ್ಕಿನ ಸೂಜಿ ಒಂದೇ ಸಲಕ್ಕೆ ಗೆರೆಯನ್ನೆಲ್ಲ ಕೆರೆದು ಹಾಕುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟ ಜಾಸ್ತಿ. ಜೂನ್ ಬಂದರೆ ಬೂಷ್ಟು. ಏಪ್ರಿಲ್, ಮೇ ತಿಂಗಳಲ್ಲಿ ಹಂಚಿನ ಕೆಳಗಿನ ಅಟ್ಟ ಒಲೆಯ ಹಾಗೆ ಕಾಯುತ್ತದೆ, ಒಂದರ ಮೇಲೊಂದು ಪೇರಿಸಿಟ್ಟ ಎಲ್‌ಪಿ ಡೊಂಕಾಗುತ್ತದೆ. ಅಟ್ಟದಿಂದ ಕೆಳಗೆ ಇಳಿಸಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ, ಗಾಳಿ ಆಡಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗೇ ತೇವ ನಿಲ್ಲುತ್ತದೆ. ಇನ್ನೊಂದು, ಪ್ಲೇಟು ತಂದದ್ದು ಯಾರು, ಯಾವ ಊರಿನಿಂದ, ಯಾರ ಮದುವೆಗೆ, ಇದು ಮನೆಯ ಹಿರಿಯರಿಗೆ ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದು ಕವರಿನೊಳಗೆ ಇಡಿ.

ಇಟ್ಟುಕೊಳ್ಳಲು ಜಾಗ ಇಲ್ಲದವರೂ ಇದ್ದಾರೆ, ಫ್ಲ್ಯಾಟಿನಲ್ಲಿ ಎಲ್ಲಿ ಇಡುವುದು ಅನ್ನುವುದು ನನಗೂ ಅರ್ಥವಾಗುತ್ತದೆ. ಅದಕ್ಕೆ ನನ್ನ ಬೇಡಿಕೆ ಇಷ್ಟೇ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಕೇಂದ್ರ ಗ್ರಂಥಾಲಯದಲ್ಲಿ ಒಂದೊಂದು ಕೋಣೆ ಕೊಡಲಿ. ಒಂದು ಒಳ್ಳೆಯ ಪ್ಲೇಯರ್, ನಾಲ್ಕು ಕಪಾಟು, ಹೆಡ್‌ಫೋನ್ ಹಾಕಿ ಕೇಳಲು ಎರಡು ಕುರ್ಚಿ ಸಾಕು. ಕೊಟ್ಟವರ ಹೆಸರು ಕವರಿನ ಮೇಲೆ ಇರಲಿ. ಸಂಗೀತ ಕಲಿಯುವ ಮಕ್ಕಳು ಬಂದು ಕೇಳಲಿ.

ಇದೆಲ್ಲ ಆಗಲು ಸಮಯ ಬೇಕು, ಈ ವರ್ಷದ ಮಳೆ ಕಾಯುವುದಿಲ್ಲ. ಓದುಗರು ತಮ್ಮ ಮನೆಯ ಪ್ಲೇಟಿನ ಲೇಬಲ್‌ನ ಫೋಟೋ ತೆಗೆದು ನಿಮ್ಮ ಕಚೇರಿಗೆ ಕಳಿಸುವ ಹಾಗೆ ನೀವು ಕೇಳಿಕೊಂಡರೆ, ಪ್ರತಿ ಭಾನುವಾರ ನಾನೇ ಬಂದು ಕೂತು ಯಾವುದು ಏನು ಅಂತ ಬರೆದು ಕೊಡುತ್ತೇನೆ. ಆ ನವಿಲಿನ ಎಲ್‌ಪಿ ಗಡಿಯಾರವನ್ನೂ ತರುತ್ತೇನೆ. ಕೊಂಡು ತಂದು, ಮುಳ್ಳು ಕಳಚಿ, ಪ್ಲೇಯರ್ ಮೇಲಿಟ್ಟು ಒಳಗಿನ ಗೆರೆಗೆ ಸೂಜಿ ಇಳಿಸಿದೆ. ಆರು ನಿಮಿಷ ಶಹನಾಯಿ ಬಂತು.

ಇಂತಿ ನಿಮ್ಮ ಓದುಗ,
ಚಿಟ್ಪಾಡಿ, ಉಡುಪಿ