ಮಿರಗಕ್ಕೊಮ್ಮೆ ಸಾಲದು, ಮಘಾಕ್ಕೂ ಗಟಾರ ತೆಗೆಸಿ: ವಿಜಯಪುರ ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಮಳೆಗಾಲದ ಸಿದ್ಧತೆ ಎಂದರೆ ನಮ್ಮ ರಾಜ್ಯದ ಊರುಗಳಲ್ಲಿ ಮೇ ತಿಂಗಳ ಕೆಲಸ. ಮಂಗಳೂರಿಗೆ ಅದು ಸರಿ, ಅಲ್ಲಿ ಜೂನ್, ಜುಲೈಯಲ್ಲೇ ಮಳೆಯ ಭರ. ವಿಜಯಪುರದ ಲೆಕ್ಕ ಬೇರೆ. ಇಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಜೂನ್‌ನಲ್ಲಿ, ಮಿರಗ ಅಂದರೆ ಮೃಗಶಿರಾ ಮಳೆಗೆ, ಸಣ್ಣದೊಂದು ಏರು. ಜುಲೈ, ಆಗಸ್ಟ್‌ನಲ್ಲಿ ಮೋಡ ಬಹಳ, ಹನಿ ಕಡಿಮೆ. ಆಮೇಲೆ ಸೆಪ್ಟೆಂಬರ್ ಒಂದರಲ್ಲೇ ವರ್ಷದ ಹೆಚ್ಚುಕಡಿಮೆ ಕಾಲುಭಾಗ. ಹಾಗಾಗಿ ನಮ್ಮ ಕೋರಿಕೆ ಇಷ್ಟೇ: ಗಟಾರ ತೆಗೆಸುವ ಕೆಲಸ ವರ್ಷಕ್ಕೆ ಎರಡು ಸಲ ಆಗಲಿ. ಎರಡನೆಯದು ಮಘಾ ಮಳೆ ಕೂಡಿದ ಮೇಲೆ, ಅಂದರೆ ಆಗಸ್ಟ್ 16ರ ಸುಮಾರಿಗೆ ಶುರುವಾಗಲಿ.

ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿ ಏರುವಾಗಲೇ ನೀರು ಸುರಿಸಿ, ನಮ್ಮ ಕಡೆ ಒಣಗಿ ಬರುತ್ತದೆ. ಮಹಾಬಳೇಶ್ವರದಲ್ಲಿ 5,000 ಮಿ.ಮೀ. ದಾಟುವ ಮಳೆ ಇಲ್ಲಿ ಬರೀ ತಣ್ಣನೆ ಗಾಳಿ. ಸೆಪ್ಟೆಂಬರ್‌ನಲ್ಲಿ ಆ ಗಾಳಿಯ ಬಿರುಸು ಇಳಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ಇತ್ತ ಬರುತ್ತದೆ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು, ತಾಸೊಪ್ಪತ್ತಿನಲ್ಲಿ ಬಡಿದು ಮುಗಿಯುವ ಮಳೆ. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಸುರಿದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತಾದಲ್ಲಿ.

ಮೇ ತಿಂಗಳಲ್ಲಿ ಗುಡಿಸಿದ ಗಟಾರ ಆ ಹೊತ್ತಿಗೆ ಏನಾಗಿರುತ್ತದೆ ನೋಡಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರಿಮಣ್ಣು ಮಿರಗದ ನೀರನ್ನು ಬಿರುಕಿನಲ್ಲೇ ಕುಡಿಯುತ್ತದೆ. ಬಯಲು ನಿವೇಶನ, ಅಗೆದ ರಸ್ತೆಗಳ ಸಡಿಲ ಮಣ್ಣು ಮಾತ್ರ ಕೊಚ್ಚಿಕೊಂಡು ಬಂದು ಗಟಾರದ ತಳಕ್ಕೆ ಕೂರುತ್ತದೆ. ಅದನ್ನು ಮುಂದಕ್ಕೆ ತಳ್ಳುವಷ್ಟು ನೀರು ಜುಲೈನಲ್ಲಿ ಬರುವುದಿಲ್ಲ. ನಡುವಿನ ಒಣ ದಿನಗಳಲ್ಲಿ ರಾಡಿ ಗಟ್ಟಿಯಾಗಿ, ಪ್ಲಾಸ್ಟಿಕ್ ಚೀಲ ಸಿಕ್ಕು, ಮೇಲೆ ಹುಲ್ಲೂ ಬೆಳೆಯುತ್ತದೆ. ಸೆಪ್ಟೆಂಬರ್‌ಗೆ ನೆಲದ ಬಿರುಕು ಮುಚ್ಚಿರುತ್ತದೆ, ಬಿದ್ದ ನೀರೆಲ್ಲ ರಸ್ತೆಗೆ.

ಲೆಕ್ಕ ಹಾಕೋಣ. ತಾಸಿಗೆ 50 ಮಿ.ಮೀ. ಮಳೆ ಬಂದರೆ 30×40 ಅಡಿ ಜಾಗದ ಮೇಲೆ ಸುಮಾರು 5,500 ಲೀಟರ್. ನೂರು ಮನೆಯ ಓಣಿಗೆ ಐದೂವರೆ ಲಕ್ಷ. ಎರಡಡಿ ಅಗಲ, ಎರಡಡಿ ಆಳದ ಗಟಾರದಲ್ಲಿ ಒಂದಡಿ ರಾಡಿ ತುಂಬಿದರೆ ಹರಿಯುವ ನೀರು ಅರ್ಧಕ್ಕಲ್ಲ, ಶೇ. 40ಕ್ಕೆ ಇಳಿಯುತ್ತದೆ, ಏಕೆಂದರೆ ಆಳ ಕಡಿಮೆಯಾದಷ್ಟೂ ಗೋಡೆ, ತಳದ ತಿಕ್ಕಾಟಕ್ಕೆ ವೇಗವೂ ಕುಗ್ಗುತ್ತದೆ. ರಾಡಿಯ ಒರಟು ತಳದಿಂದ ಇನ್ನಷ್ಟು ಕಡಿಮೆಯೇ.

ತೆಗೆಯುವ ಕ್ರಮವೂ ಮುಖ್ಯ. ನೀರು ಹೊರಬೀಳುವ ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೇಲಿನಿಂದ ಶುರುಮಾಡಿದರೆ ಸಡಿಲಾದ ರಾಡಿ ಕೆಳಗೆ ಹೋಗಿ ಸೇತುವೆಯ ಬಾಯಿಗೇ ಕಟ್ಟುತ್ತದೆ. ಮನೆ ಮುಂದಿನ ಕಲ್ಲುಚಪ್ಪಡಿಗಳ ಕೆಳಗೆ ಜೆಸಿಬಿ ಬಕೆಟ್ ಹೋಗುವುದಿಲ್ಲ, ಗಟಾರ ಕಟ್ಟಿಕೊಳ್ಳುವುದೂ ಅಲ್ಲೇ. ಅಂಥ ಕಡೆ ಚಪ್ಪಡಿ ಎತ್ತಿಯೇ ತೆಗೆಸಬೇಕು. ತೆಗೆದ ರಾಡಿ ಒಂದು ದಿನ ನೀರಿಳಿಯಲಿ, ಮರುದಿನ ಟ್ರ್ಯಾಕ್ಟರ್ ಏರಲಿ. ದಂಡೆಯ ಮೇಲೆ ವಾರಗಟ್ಟಲೆ ಬಿಟ್ಟರೆ ಮೊದಲ ಮಳೆಗೆ ಮತ್ತೆ ಒಳಗೇ. ಗುತ್ತಿಗೆದಾರರಿಗೆ ಟ್ರಿಪ್ ಎಣಿಸಿ ಬಿಲ್ ಕೊಡುವ ಬದಲು, ಪ್ರತಿ ಸೇತುವೆಯ ಗೋಡೆಗೆ ಬಿಳಿ ಬಣ್ಣದಲ್ಲಿ ಅಡಿಗುರುತು ಬರೆಸಿ, ಕೆಲಸಕ್ಕೆ ಮೊದಲು ಮತ್ತು ನಂತರ ಕಂಡ ತಳದ ಅಳತೆ ಎಂ.ಬಿ. ಪುಸ್ತಕಕ್ಕೆ (ಕಾಮಗಾರಿಯ ಅಳತೆ ಪುಸ್ತಕ) ಹತ್ತಲಿ.

ಗಟಾರದ ನೀರನ್ನು ಊರಿನ ಬಾವಡಿಗಳಿಗೆ, ಅಂದರೆ ಹಳೆಯ ಬಾವಿಗಳಿಗೆ, ತಿರುಗಿಸಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ, ಅದರಲ್ಲಿ ಮೋರಿನೀರು ಬೆರೆತಿರುತ್ತದೆ. ಬಾವಡಿಗೆ ಹೋಗಬೇಕಾದದ್ದು ಸುತ್ತಲಿನ ಮಾಳಿಗೆಗಳ ನೀರು ಮಾತ್ರ. ಅದರಲ್ಲೂ ಮೊದಲ 2 ಮಿ.ಮೀ., ಅಂದರೆ 100 ಚದರ ಮೀಟರ್ ಮಾಳಿಗೆಗೆ 200 ಲೀಟರ್, ಧೂಳು, ಪಾರಿವಾಳದ ಹಿಕ್ಕೆಯ ಸಮೇತ ಹೊರಗೆ ಹೋಗಲಿ. ಉಳಿದದ್ದು ಒಂದು ಹೂಳುಗುಂಡಿಯಲ್ಲಿ ನಿಂತು ತಿಳಿಯಾಗಿ ಒಳಗಿಳಿಯಲಿ. ಇದೇನೂ ಹೊಸ ಉಪಾಯವಲ್ಲ. ಬೇಗಂ ತಲಾಬ್‌ನಿಂದ ಊರೊಳಗೆ ನೀರು ತಂದ ಆದಿಲಶಾಹಿಗಳು ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡ ಇಳಿಸುವುದರ ಜೊತೆಗೆ ಕಸ, ಮಣ್ಣು ತಳಕ್ಕೆ ಕೂರಲು ಅಲ್ಲಿ ಜಾಗವಿತ್ತು.

ಬೆಳಿಗ್ಗೆ 8:30ಕ್ಕೆ ಓದುವ ದಿನದ ಒಟ್ಟು ಮಳೆ ರೈತರಿಗೆ ಉಪಯೋಗ, ಗಟಾರಕ್ಕಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಒಂದು ಕಾಲುತಾಸಿನಲ್ಲಿ 10 ಮಿ.ಮೀ. ದಾಟಿದ ಕೂಡಲೇ ತಗ್ಗು ವಾರ್ಡ್‌ಗಳ ಸಿಬ್ಬಂದಿಯ ಮೊಬೈಲ್‌ಗೆ ಸಂದೇಶ ಹೋಗುವಂತೆ ಮಾಡಿಸಿ.

ಎರಡನೇ ಸುತ್ತಿಗೆ ಆಗಸ್ಟ್‌ನಲ್ಲಿ ಬೇರೆ ಟೆಂಡರ್ ಕರೆದರೆ ಕೆಲಸದ ಆದೇಶ ಕೈಗೆ ಬರುವಷ್ಟರಲ್ಲಿ ಚಿತ್ತಾ ಮಳೆಯೂ ಮುಗಿದಿರುತ್ತದೆ. ಏಪ್ರಿಲ್‌ನ ಟೆಂಡರಿನಲ್ಲೇ ಎರಡೂ ಸುತ್ತು ಸೇರಿಸಿ, ಅರ್ಧ ಹಣವನ್ನು ಎರಡನೇ ಸುತ್ತಿಗೆ ತಡೆಹಿಡಿಯಿರಿ. ಉತ್ತರಾ ಕೂಡುವ ಸೆಪ್ಟೆಂಬರ್ 13ರ ಒಳಗೆ ತಳದ ಅಳತೆ ಮುಗಿದಿರಲಿ.

ಇಂತಿ ತಮ್ಮ ವಿಶ್ವಾಸಿಗಳು,
ವಿಜಯಪುರದ ನಾಗರಿಕರು